ಹಳೆಯ ಬೋರ್ಡಿನ ಕೆಟ್ಟ ಕೆಪಾಸಿಟರ್: ಹುಡುಕುವ ನಾಲ್ಕು ದಾರಿ, ಕೀಳುವ ಮೂರು ದಾರಿ

ಹಳೆಯ ಸ್ವಿಚಿಂಗ್ ಪವರ್ ಸಪ್ಲೈ (ಮನೆಯ ವಿದ್ಯುತ್ತನ್ನು ಉಪಕರಣಕ್ಕೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸುವ ಸರ್ಕ್ಯೂಟ್) ಬೋರ್ಡೊಂದು ವಿದ್ಯುತ್ ಕೊಟ್ಟೊಡನೆ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿತ್ತೇ ಹೊರತು ಅದರ ಯಾವ ಔಟ್‌ಪುಟ್‌ನಲ್ಲಿಯೂ ಸ್ಥಿರವಾದ ವೋಲ್ಟೇಜ್ ಬರುತ್ತಿರಲಿಲ್ಲ. ಫ್ಯೂಸ್ ಸರಿಯಾಗಿತ್ತು, ಯಾವ ಡಯೋಡೂ ಶಾರ್ಟ್ ಆಗಿರಲಿಲ್ಲ. ಉಳಿದ ಅನುಮಾನವೆಲ್ಲ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳ ಮೇಲೆ, ಅಂದರೆ ಒಳಗೆ ಎಲೆಕ್ಟ್ರೋಲೈಟ್ ಎಂಬ ದ್ರವವಿದ್ದು ಚಾರ್ಜನ್ನು ಹಿಡಿದಿಡುವ ಡಬ್ಬಿಯಾಕಾರದ ಬಿಡಿಭಾಗಗಳ ಮೇಲೆ. ಬೋರ್ಡಿನಲ್ಲಿ ಅಂಥವು ಒಂಬತ್ತಿದ್ದವು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿಬಿಡುವುದು ಸುಲಭವೆಂದು ಹಲವರು ಹೇಳುತ್ತಾರೆ. ಹಳೆಯ ಬೋರ್ಡಿನ ಮಟ್ಟಿಗೆ ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಕೀಳುವ ಪ್ರತಿಯೊಂದು ಬಿಡಿಭಾಗದ ಜೊತೆಗೆ ಒಂದು ಪ್ಯಾಡ್ (ಅದರ ಕಾಲನ್ನು ಬೆಸೆದಿರುವ ತಾಮ್ರದ ಬಿಲ್ಲೆ) ಕಿತ್ತುಬರುವ ಅಪಾಯವಿರುತ್ತದೆ. ಆದ್ದರಿಂದ ಕೆಟ್ಟದ್ದು ಯಾವುದೆಂದು ಮೊದಲು ಖಚಿತಪಡಿಸಿಕೊಳ್ಳಲು ನಾಲ್ಕು ವಿಧಾನಗಳನ್ನು ಇದೇ ಬೋರ್ಡಿನ ಮೇಲೆ ಒಂದೊಂದಾಗಿ ಪ್ರಯೋಗಿಸಿ ನೋಡಿದೆ.

ಯಾವ ವಿಧಾನವನ್ನು ಹಿಡಿದರೂ ಮೊದಲು ಮಾಡಬೇಕಾದ ಕೆಲಸ ಒಂದೇ. 230 ವೋಲ್ಟ್ ಸರಬರಾಜಿನಲ್ಲಿ ಮುಖ್ಯ ಫಿಲ್ಟರ್ ಕೆಪಾಸಿಟರ್ ಸುಮಾರು 325 ವೋಲ್ಟ್‌ವರೆಗೆ ಚಾರ್ಜ್ ಆಗಿರುತ್ತದೆ, ಪ್ಲಗ್ ಕಿತ್ತ ಮೇಲೂ ಆ ಚಾರ್ಜ್ ಉಳಿದಿರಬಹುದು. 5 ವಾಟ್‌ನ 2.2 ಕಿಲೋ ಓಮ್ ರೆಸಿಸ್ಟರ್ ಒಂದನ್ನು ಇನ್ಸುಲೇಟ್ ಮಾಡಿದ ಕ್ಲಿಪ್‌ಗಳಿಂದ ಹಿಡಿದು ಕೆಲವು ಸೆಕೆಂಡ್ ತಾಗಿಸಿ, ನಂತರ ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ಇಳಿದಿರುವುದನ್ನು ಕಣ್ಣಾರೆ ನೋಡಿಯೇ ನಾನು ಬೋರ್ಡಿಗೆ ಕೈ ಹಾಕುತ್ತೇನೆ. ಸ್ಕ್ರೂಡ್ರೈವರ್‌ನಿಂದ ನೇರವಾಗಿ ಶಾರ್ಟ್ ಮಾಡುವ ಅಭ್ಯಾಸ ಬೋರ್ಡಿಗೂ ಕಣ್ಣಿಗೂ ಒಳ್ಳೆಯದಲ್ಲ.

ಮೊದಲನೆಯ ವಿಧಾನ ಕಣ್ಣಿನದು. ತಲೆ ಉಬ್ಬಿದ, ಬುಡದಲ್ಲಿ ದ್ರವ ಸೋರಿದ ಕೆಪಾಸಿಟರ್ ಕೆಟ್ಟಿದೆ ಎನ್ನಲು ಯಾವ ಉಪಕರಣವೂ ಬೇಡ. ಆದರೆ ನನ್ನ ಬೋರ್ಡಿನಲ್ಲಿ ಕಣ್ಣು ದಾರಿ ತಪ್ಪಿಸಿತು. ದೊಡ್ಡ ಫಿಲ್ಟರ್ ಕೆಪಾಸಿಟರಿನ ಬುಡದಲ್ಲಿ ಕಂದು ಬಣ್ಣದ ಕಲೆಯಿತ್ತು, ಅದನ್ನು ಸೋರಿಕೆಯೆಂದೇ ನಂಬಿದ್ದೆ. ಮರದ ಕಡ್ಡಿಯಿಂದ ಕೆರೆದು ನೋಡಿದಾಗ ಅದು ಕೆಪಾಸಿಟರ್ ಅಲುಗದಿರಲೆಂದು ಕಾರ್ಖಾನೆಯಲ್ಲಿ ಹಾಕಿದ ಅಂಟು, ವರ್ಷಗಳ ಶಾಖಕ್ಕೆ ಕರಕಲಾಗಿತ್ತು. ಇದಲ್ಲದೆ, ತಲೆ ಉಬ್ಬುವುದು ಮೇಲ್ಭಾಗದಲ್ಲಿ ಗೀರು ಇರುವ ದೊಡ್ಡ ಕೆಪಾಸಿಟರ್‌ಗಳಲ್ಲಿ. ಪೆನ್ಸಿಲ್ ದಪ್ಪದ ಸಣ್ಣವು ಒಳಗಿನ ಎಲೆಕ್ಟ್ರೋಲೈಟ್ ಸಂಪೂರ್ಣ ಒಣಗಿದರೂ ಹೊರಗೆ ಹೊಸದರಂತೆಯೇ ಕಾಣುತ್ತವೆ.

ಎರಡನೆಯದು ಮಲ್ಟಿಮೀಟರಿನ ಕೆಪಾಸಿಟೆನ್ಸ್ ಮಾಪನ. ಬೋರ್ಡಿನ ಮೇಲೆಯೇ ಇಟ್ಟು ಅಳೆದರೆ ಇದರ ಮಾತನ್ನು ನಂಬುವಂತಿಲ್ಲ. ಔಟ್‌ಪುಟ್‌ನಲ್ಲಿ ಸಮಾನಾಂತರವಾಗಿ ಕೂತಿದ್ದ 1000 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್‌ಗಳು ಒಟ್ಟಾಗಿ 1900ರ ಆಸುಪಾಸು ತೋರಿಸಿದವು. ಸುತ್ತಲಿನ ರೆಸಿಸ್ಟರ್‌ಗಳೂ ಲೆಕ್ಕವನ್ನು ಕೆಡಿಸುತ್ತವೆ. ಕಿತ್ತು ಹೊರಗೆ ಅಳೆದರೆ ಸಂಖ್ಯೆ ಸರಿಯಾಗಿ ಸಿಗುತ್ತದೆ, ಆದರೆ ಕೀಳದೆ ಪತ್ತೆ ಮಾಡಬೇಕೆಂಬುದೇ ನನ್ನ ಉದ್ದೇಶವಾಗಿತ್ತು.

ಮೂರನೆಯದಾದ ಇಎಸ್‌ಆರ್ ಮೀಟರ್ ಅಳೆಯುವುದು ಬೇರೆಯದೇ ಗುಣವನ್ನು: ಕೆಪಾಸಿಟರಿನೊಳಗೆ ಸರಣಿಯಲ್ಲಿ ಇದೆಯೆಂಬಂತೆ ವರ್ತಿಸುವ ಪ್ರತಿರೋಧವನ್ನು. ಸಾಮಾನ್ಯವಾಗಿ 100 ಕಿಲೋಹರ್ಟ್ಸ್ ಆವರ್ತನದಲ್ಲಿ, ಡಯೋಡ್ ಮತ್ತು ಟ್ರಾನ್ಸಿಸ್ಟರ್‌ಗಳು ಎಚ್ಚರಗೊಳ್ಳದಷ್ಟು ಕಡಿಮೆ ವೋಲ್ಟೇಜಿನಲ್ಲಿ ಅಳೆಯುವುದರಿಂದ ಬಹುಪಾಲು ಕೆಪಾಸಿಟರ್‌ಗಳನ್ನು ಬೋರ್ಡಿನಿಂದ ತೆಗೆಯದೆಯೇ ಪರೀಕ್ಷಿಸಬಹುದು. ಹತ್ತು ನಿಮಿಷದಲ್ಲಿ ಒಂಬತ್ತನ್ನೂ ಮುಟ್ಟಿ ಮುಗಿಸಿದೆ. ಎಂಟು ಸಮಾಧಾನಕರವಾಗಿದ್ದವು. ಇಡೀ ಸಪ್ಲೈಯನ್ನು ನಿಯಂತ್ರಿಸುವ ಚಿಪ್ ಆದ ಕಂಟ್ರೋಲ್ ಐಸಿಯ ಪಕ್ಕದಲ್ಲಿ, ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕಿಗೆ ಹೆಚ್ಚುಕಡಿಮೆ ಆತುಕೊಂಡಿದ್ದ 47 ಮೈಕ್ರೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಮಾತ್ರ 24 ಓಮ್ ತೋರಿಸಿತು, ಅಲ್ಲಿ ಒಂದು ಓಮ್‌ಗಿಂತ ಕಡಿಮೆ ಇರಬೇಕಾಗಿತ್ತು.

ಟಿಕ್ ಟಿಕ್ ಸದ್ದಿನ ಅರ್ಥ ಆಗ ಸ್ಪಷ್ಟವಾಯಿತು. ಆ ಐಸಿ ಯುಸಿ 3842. ತನ್ನ ಸರಬರಾಜು 16 ವೋಲ್ಟ್ ತಲುಪಿದಾಗ ಕೆಲಸ ಆರಂಭಿಸಿ, 10 ವೋಲ್ಟ್‌ಗಿಂತ ಕೆಳಗಿಳಿದರೆ ನಿಲ್ಲುವುದು ಅದರ ಸ್ವಭಾವ. ಆರಂಭದ ಕೆಲವು ಕ್ಷಣ, ಟ್ರಾನ್ಸ್‌ಫಾರ್ಮರಿನ ಸಹಾಯಕ ಸುರುಳಿ ವಿದ್ಯುತ್ ಕೊಡಲು ತೊಡಗುವವರೆಗೆ, ಐಸಿಯನ್ನು ಹೊತ್ತು ನಿಲ್ಲುವುದು ಈ ಪುಟ್ಟ ಕೆಪಾಸಿಟರೇ. ಅದರೊಳಗೆ 24 ಓಮ್ ಅಡ್ಡ ನಿಂತಾಗ ವೋಲ್ಟೇಜ್ ಕುಸಿದು ಐಸಿ ನಿಲ್ಲುತ್ತದೆ, ಮತ್ತೆ ಚಾರ್ಜ್ ಆಗಿ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಕಿತ್ತ ಮೇಲೆ ಅದನ್ನೇ ಮಲ್ಟಿಮೀಟರಿನಲ್ಲಿ ಅಳೆದಾಗ 38 ಮೈಕ್ರೋಫ್ಯಾರಡ್ ಬಂತು. ಶೇಕಡಾ 20ರ ವಿನಾಯಿತಿಯೊಳಗೆ ಅದು ಉತ್ತೀರ್ಣ! ಕೆಪಾಸಿಟೆನ್ಸ್ ಮಾತ್ರ ನೋಡಿದ್ದರೆ ಇದನ್ನು ಒಳ್ಳೆಯದೆಂದು ಮರಳಿ ಕೂರಿಸುತ್ತಿದ್ದೆ.

ಇಎಸ್‌ಆರ್ ಮೀಟರಿಗೂ ಎರಡು ಕುರುಡುಗಳಿವೆ. ಪೂರ್ತಿ ಶಾರ್ಟ್ ಆದ ಕೆಪಾಸಿಟರ್ ಅದಕ್ಕೆ ಅತ್ಯುತ್ತಮವಾಗಿ ಕಾಣುತ್ತದೆ, ಆದ್ದರಿಂದ ಓಮ್ ಪರೀಕ್ಷೆಯನ್ನೂ ಮಾಡಲೇಬೇಕು. ಸಮಾನಾಂತರ ಜೋಡಿಯಲ್ಲಿ ಒಳ್ಳೆಯದು ಕೆಟ್ಟದ್ದನ್ನು ಮರೆಮಾಡುತ್ತದೆ, ಹಾಗಾಗಿ ಆ 1000 ಮೈಕ್ರೋಫ್ಯಾರಡ್ ಜೋಡಿಯಲ್ಲಿ ಒಂದರ ಒಂದು ಕಾಲನ್ನು ಬಿಡಿಸಿ ಅಳೆಯಬೇಕಾಯಿತು.

ನಾಲ್ಕನೆಯದು ಬಿಸಿ ಮಾಡಿ ನೋಡುವುದು. ಒಣಗಿದ ಕೆಪಾಸಿಟರ್ ಬೆಚ್ಚಗಾದಾಗ ಅದರ ಇಎಸ್‌ಆರ್ ಇಳಿಯುತ್ತದೆ. ಪ್ಲಗ್ ಕಿತ್ತು, ಹೇರ್ ಡ್ರೈಯರ್‌ನಿಂದ ಆ ಜಾಗವನ್ನು ಬೆಚ್ಚಗೆ ಮಾಡಿ ಮತ್ತೆ ವಿದ್ಯುತ್ ಕೊಟ್ಟಾಗ ಸಪ್ಲೈ ಆರಂಭವಾಯಿತು. ಮೀಟರ್ ಇಲ್ಲದವರಿಗೆ ಇದು ಒಳ್ಳೆಯ ಸುಳಿವು, ಆದರೆ ಗಾಳಿ ನಾಲ್ಕಾರು ಬಿಡಿಭಾಗಗಳನ್ನು ಒಟ್ಟಿಗೆ ಬಿಸಿ ಮಾಡುವುದರಿಂದ ಪ್ರದೇಶ ಗೊತ್ತಾಗುತ್ತದೆಯೇ ಹೊರತು ಅಪರಾಧಿಯ ಗುರುತು ಸಿಗುವುದಿಲ್ಲ.

ಕೀಳುವಾಗ ಕರಗಿದ ಬೆಸುಗೆಯನ್ನು ಎಳೆದುಕೊಳ್ಳುವ ಪಂಪ್, ಅದನ್ನು ಹೀರಿಕೊಳ್ಳುವ ತಾಮ್ರದ ಎಳೆಗಳ ಪಟ್ಟಿಯಾದ ವಿಕ್ ಮತ್ತು ಕಾಲುಗಳನ್ನು ಸರದಿಯಂತೆ ಬಿಸಿ ಮಾಡಿ ಓಲಾಡಿಸುವ ವಿಧಾನ, ಈ ಮೂರನ್ನೂ ಹೋಲಿಸಿದೆ. ನನ್ನದು ಒಂದೇ ಬದಿಯಲ್ಲಿ ತಾಮ್ರವಿರುವ ಕಂದು ಬೋರ್ಡ್. ಇದರಲ್ಲಿ ಅಂಟು ಬಲಹೀನವಾಗಿರುವುದರಿಂದ ಪ್ಯಾಡ್ ಬೇಗ ಮೇಲೇಳುತ್ತದೆ. ಓಲಾಡಿಸುವ ವಿಧಾನವನ್ನು ಗುಜರಿ ಬೋರ್ಡೊಂದರ ಮೇಲೆ ಮಾಡಿದಾಗ ಎರಡನೇ ಓಲಾಟಕ್ಕೇ ಪ್ಯಾಡ್ ಸಿಪ್ಪೆಯಂತೆ ಎದ್ದುಬಂತು. ವಿಕ್ ಬೆಸುಗೆಯನ್ನು ಅಚ್ಚುಕಟ್ಟಾಗಿ ಹೀರಿದರೂ ಅದನ್ನು ಒತ್ತಿ ಎಳೆಯುವ ಚಪಲ ತಡೆಯಬೇಕು, ತಣ್ಣಗಾಗಿ ಅಂಟಿದ ಮೇಲೆ ಜಗ್ಗಿದರೆ ಅದೂ ಪ್ಯಾಡನ್ನೇ ಕೀಳುತ್ತದೆ. ಇಲ್ಲಿ ಪಂಪ್ ಗೆದ್ದಿತು. ಅದರ ಗೆಲುವಿಗೆ ಕಾರಣ ಮೊದಲೇ ಸೇರಿಸಿದ ಒಂದು ಹನಿ ಹೊಸ 63/37 (63 ಭಾಗ ತವರ, 37 ಭಾಗ ಸೀಸ) ಬೆಸುಗೆ. ಆಕ್ಸೈಡ್ ಹಿಡಿದ ಹಳೆಯ ಬೆಸುಗೆ ಅದರೊಳಗಿನ ಫ್ಲಕ್ಸ್ ಎಂಬ ಶುದ್ಧಿಕಾರಕದಿಂದ ತಿಳಿಯಾಗಿ ಕರಗಿ, ಒಂದೇ ಎಳೆತಕ್ಕೆ ಕಾಲು ಬಿಡುಗಡೆಯಾಯಿತು. ಎರಡೂ ಬದಿ ತಾಮ್ರವಿದ್ದು, ರಂಧ್ರದ ಒಳಗೂ ಲೇಪನವಿರುವ ಬೋರ್ಡಿನಲ್ಲಿ ಮಾತ್ರ ಇದೇ ಪಂಪ್ ಹಲವು ಬಾರಿ ಸೋತಿದೆ, ಅಗಲವಾದ ಗ್ರೌಂಡ್ ತಾಮ್ರ ಶಾಖವನ್ನು ಎಳೆದುಕೊಳ್ಳುತ್ತದೆ. ಅಲ್ಲಿ ಅಗಲವಾದ ತುದಿಯ ಐರನ್ ಮತ್ತು ತಾಳ್ಮೆಯ ಓಲಾಟವೇ ವಾಸಿ.

ಹೊಸದಕ್ಕೆ 47 ಮೈಕ್ರೋಫ್ಯಾರಡ್ ಮೌಲ್ಯವನ್ನೇ ಇಟ್ಟುಕೊಂಡು, 25 ವೋಲ್ಟಿನ ಬದಲು 50 ವೋಲ್ಟಿನ, 85 ಡಿಗ್ರಿಯ ಬದಲು 105 ಡಿಗ್ರಿಯ ಕಡಿಮೆ ಇಎಸ್‌ಆರ್ ಮಾದರಿಯನ್ನು ಆರಿಸಿದೆ. ಶಾಖ 10 ಡಿಗ್ರಿ ಏರಿದಾಗಲೆಲ್ಲ ಇವುಗಳ ಆಯುಷ್ಯ ಸುಮಾರು ಅರ್ಧವಾಗುತ್ತದೆ, ಹೀಟ್‌ಸಿಂಕ್ ಪಕ್ಕದಲ್ಲಿ ಆ 20 ಡಿಗ್ರಿ ದೊಡ್ಡ ಮಾತು. ಅಲ್ಯೂಮಿನಿಯಂ ಕೆಪಾಸಿಟರಿನ ಪಟ್ಟೆ ಋಣ ಬದಿಯನ್ನು ಸೂಚಿಸಿದರೆ ಟ್ಯಾಂಟಲಮ್‌ನದು ಧನ ಬದಿಯನ್ನು ಸೂಚಿಸುತ್ತದೆ ಎಂಬುದನ್ನು ಬೆಸುಗೆ ಹಾಕುವ ಮುನ್ನ ಪ್ರತಿ ಬಾರಿಯೂ ನೆನಪಿಸಿಕೊಳ್ಳುತ್ತೇನೆ.

ಹೊಸದನ್ನು ಕೂರಿಸಿ ಮೊದಲ ಬಾರಿ ವಿದ್ಯುತ್ ಕೊಟ್ಟಿದ್ದು, ಎಲ್ಲಾದರೂ ಶಾರ್ಟ್ ಇದ್ದರೆ ಕರೆಂಟ್ ಮಿತಿಯಲ್ಲಿರಲೆಂದು, ಸರಣಿಯಲ್ಲಿ 60 ವಾಟ್‌ನ ತಂತಿ ಬಲ್ಬ್ ಇಟ್ಟು. ಬಲ್ಬ್ ಒಮ್ಮೆ ಮಿಂಚಿ ಮಂಕಾಯಿತು, ಟಿಕ್ ಟಿಕ್ ನಿಂತಿತು, ಎರಡು ಗಂಟೆಯ ನಂತರವೂ ಔಟ್‌ಪುಟ್ ವೋಲ್ಟೇಜ್ ಕದಲಲಿಲ್ಲ.