ಮಡಿಕೇರಿಯ ಒಂದು ವಕೀಲರ ಕಚೇರಿ: ತಪ್ಪು ಯಾರದೆಂದು ಸಾಬೀತುಪಡಿಸುವುದರಲ್ಲಿ ಗಟ್ಟಿ, ಉಳಿದದ್ದರಲ್ಲಿ ಸಾಧಾರಣ

ರಸ್ತೆ ಅಪಘಾತದ ಪರಿಹಾರದ ಅರ್ಜಿಗಳನ್ನು, ಅಂದರೆ ಎಲ್ಲರೂ ಎಂವಿಸಿ ಕೇಸು ಎನ್ನುವವನ್ನು, ಹೆಚ್ಚಾಗಿ ನಡೆಸುವ ಮಡಿಕೇರಿಯ ಕಚೇರಿಯೊಂದರ ಬಗ್ಗೆ ಈ ವಿಮರ್ಶೆ. ವಕೀಲರು ಪ್ರಚಾರ ಮಾಡಿಕೊಳ್ಳುವಂತಿಲ್ಲ ಎಂಬ ಬಾರ್ ಕೌನ್ಸಿಲ್ ನಿಯಮವನ್ನು ಅವರು ಕಟ್ಟುನಿಟ್ಟಾಗಿ ಪಾಲಿಸುವುದರಿಂದ ಹೆಸರು ಹಾಕುತ್ತಿಲ್ಲ.

ಕಕ್ಷಿದಾರರು ನನ್ನ ಭಾವ, ಕಾಫಿ ತೋಟವೊಂದರ ರೈಟರ್, ಅಂದರೆ ತೋಟದ ಕೆಲಸದ ಉಸ್ತುವಾರಿ ನೋಡಿಕೊಳ್ಳುವವರು. ಚೆಟ್ಟಳ್ಳಿ ಕಡೆಯಿಂದ ಮಡಿಕೇರಿಗೆ ಏರು ಹತ್ತುತ್ತಿದ್ದ ಅವರ ಸ್ಕೂಟರಿಗೆ, ತಿರುವಿನಲ್ಲಿ ಇಳಿದು ಬಂದ ಕಾರು ಬಡಿದು ಬಲಗಾಲು ಮುರಿದಿತ್ತು. ಮಂಜು ಕವಿದಿತ್ತು, ಸ್ಕೂಟರೇ ನಡುರಸ್ತೆಗೆ ಬಂತು ಎಂಬುದು ಕಾರಿನವರ ವಾದ; ವಿಮಾ ಕಂಪನಿಯೂ ಅದನ್ನೇ ಹಿಡಿದುಕೊಂಡಿತು.

ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಪ್ರಕಾರ ಯಾರ ತಪ್ಪೆಂದು ಸಾಬೀತುಪಡಿಸದೆಯೇ ಗಂಭೀರ ಗಾಯಕ್ಕೆ 2.5 ಲಕ್ಷ ರೂಪಾಯಿ ಸಿಗುತ್ತದೆ, 166ನೇ ಕಲಮಿನಡಿ ಹೋದರೆ ಚಾಲಕನ ನಿರ್ಲಕ್ಷ್ಯವನ್ನು ತೋರಿಸಬೇಕಾಗುತ್ತದೆ, ಆದರೆ ಅಲ್ಲಿ ಮೊತ್ತಕ್ಕೆ ಮಿತಿಯಿಲ್ಲ ಎಂಬುದನ್ನು ವಕಾಲತ್ತಿಗೆ ಸಹಿ ಹಾಕಿಸುವ ಮೊದಲೇ ವಕೀಲರು ಬಿಡಿಸಿ ಹೇಳಿದರು. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಅರ್ಜಿಗೆ 6 ತಿಂಗಳ ಗಡುವಿರುವುದನ್ನೂ ತಿಳಿಸಿದರು. ಬಂದ ಪರಿಹಾರದಲ್ಲಿ ಇಷ್ಟು ಪಾಲು ಕೊಡಿ ಎಂದು ಕೇಳದೆ, ಹಂತಹಂತವಾಗಿ ನಿಗದಿತ ಶುಲ್ಕ ಪಡೆದರು. ಪಾಲು ಕೇಳುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧವಾದರೂ ಕೇಳುವವರಿಗೇನೂ ಕೊರತೆಯಿಲ್ಲ.

ಈ ಕಚೇರಿಯ ನಿಜವಾದ ಶಕ್ತಿ ಇರುವುದು ಪೊಲೀಸ್ ದಾಖಲೆಗಳನ್ನು ಓದುವ ರೀತಿಯಲ್ಲಿ. ಸ್ಥಳ ಮಹಜರಿನ ಜೊತೆಗಿದ್ದ ಕೈಬರಹದ ನಕ್ಷೆಯಲ್ಲಿ ರಸ್ತೆಯ ಅಗಲ 18 ಅಡಿ ಎಂದೂ, ಡಿಕ್ಕಿಯಾದ ಜಾಗ ಏರುವವರ ಎಡ ಅಂಚಿನಿಂದ 5 ಅಡಿ ದೂರದಲ್ಲಿದೆ ಎಂದೂ ಬರೆದಿತ್ತು. ಅಂದರೆ ಡಿಕ್ಕಿಯಾದದ್ದು ಸ್ಕೂಟರಿನ ಪಾಲಿನ ಅರ್ಧದಲ್ಲಿ. ನಾವೆಲ್ಲ ಆ ನಕ್ಷೆಯನ್ನು ನೋಡಿದ್ದೆವು, ಅಡಿಗಳನ್ನು ಲೆಕ್ಕ ಹಾಕಿದವರು ಅವರ ಕಿರಿಯ ವಕೀಲೆ. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಎರಡೂ ವಾಹನಗಳ ಬ್ರೇಕ್ ಸರಿಯಿತ್ತು, ಯಾಂತ್ರಿಕ ದೋಷದಿಂದ ಅಪಘಾತವಾಗಿಲ್ಲ ಎಂದಿದ್ದುದನ್ನು ಇದಕ್ಕೆ ಜೋಡಿಸಿದರು. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಇಳಿಯುವ ವಾಹನ ನಿಂತು ಏರುವ ವಾಹನಕ್ಕೆ ದಾರಿ ಬಿಡಬೇಕೆಂಬ ರಸ್ತೆ ನಿಯಮವನ್ನು ಕಾರಿನ ಚಾಲಕನ ಪಾಟೀಸವಾಲಿನಲ್ಲಿ ಮುಂದಿಟ್ಟರು. ಕೊಡಗಿನಲ್ಲಿ ದಿನವೂ ಗಾಡಿ ಓಡಿಸುವ ಎಷ್ಟು ಜನರಿಗೆ ಈ ನಿಯಮ ಗೊತ್ತಿದೆಯೋ! ಮಂಜಿದ್ದರೆ ವೇಗ ತಗ್ಗಿಸಬೇಕಾದದ್ದು ಚಾಲಕನ ಹೊಣೆಯೇ ಹೊರತು ಅದು ನೆಪವಲ್ಲ ಎಂಬ ಅವರ ವಾದವೂ ನಿಂತಿತು.

ಗಾಯಾಳುವನ್ನು ಮೈಸೂರಿಗೆ ಸಾಗಿಸಿದ್ದರಿಂದ ದೂರು ತಡವಾಗಿ ದಾಖಲಾಗಿತ್ತು. ಕಾರಣ ಸರಿಯಿದ್ದರೆ ಈ ವಿಳಂಬ ಅರ್ಜಿಗೆ ಮಾರಕವಲ್ಲ, ಕ್ರಿಮಿನಲ್ ಪ್ರಕರಣದಷ್ಟು ಬಿಗಿಯಾದ ಪುರಾವೆಯನ್ನೂ ಇಂಥ ಅರ್ಜಿಗಳನ್ನು ವಿಚಾರಿಸುವ ನ್ಯಾಯಮಂಡಳಿ ಕೇಳುವುದಿಲ್ಲ ಎಂದು ಅವರು ಮೊದಲೇ ಧೈರ್ಯ ಹೇಳಿದ್ದರು. ಕೊನೆಗೆ ಪೂರ್ತಿ ತಪ್ಪು ಕಾರಿನ ಚಾಲಕನದೆಂದೇ ತೀರ್ಪಾಯಿತು.

ಪರಿಹಾರದ ಮೊತ್ತದ ವಿಷಯದಲ್ಲಿ ಮಾತ್ರ ಇದೇ ಶ್ರದ್ಧೆ ಕಾಣಲಿಲ್ಲ. ಸಂಬಳದ ದಾಖಲೆ ಕೇಳಿದ್ದು ಸಾಕ್ಷ್ಯದ ಹಂತ ಮುಗಿಯುತ್ತ ಬಂದಾಗ. ಕಾಲಿನ ಶೇ. 30ರಷ್ಟು ವೈಕಲ್ಯವನ್ನು ಇಡೀ ದೇಹಕ್ಕೆ ಶೇ. 10 ಎಂದು ನ್ಯಾಯಮಂಡಳಿ ಇಳಿಸಿತು. ವೈಕಲ್ಯವು ಆ ವ್ಯಕ್ತಿಯ ಕಸುಬಿನ ಸಂಪಾದನೆಗೆ ಎಷ್ಟು ಪೆಟ್ಟು ಕೊಡುತ್ತದೆಂದು ನೋಡಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿರುವಾಗ, ದಿನವಿಡೀ ತೋಟದ ಇಳಿಜಾರಿನಲ್ಲಿ ನಡೆಯಬೇಕಾದ ರೈಟರ್ ಕೆಲಸದ ಬಗ್ಗೆ ತೋಟದ ಮಾಲೀಕರನ್ನು ಸಾಕ್ಷಿಯಾಗಿ ಕರೆಸಬಹುದಿತ್ತು. ಫೋನ್ ಮಾಡಿದರೆ ಸಿಗುವವರು ಗುಮಾಸ್ತರು ಮಾತ್ರ. ಕಚೇರಿ ಇರುವುದು ಮಹಡಿಯ ಮೇಲೆ, ಊರುಗೋಲು ಹಿಡಿದವರಿಗೆ ಆ ಮೆಟ್ಟಿಲು ಶಿಕ್ಷೆಯೇ ಸರಿ.

ಮೊತ್ತ ಹೆಚ್ಚಿಸಲು ಕೋರಿ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದೆಂದು ಅವರೇ ತಿಳಿಸಿ, ಕಡತವನ್ನು ತಕರಾರಿಲ್ಲದೆ ಕೊಟ್ಟಿದ್ದಾರೆ. ಮೇಲ್ಮನವಿಯನ್ನು ಬೆಂಗಳೂರಿನ ಬೇರೆ ವಕೀಲರಿಗೆ ವಹಿಸಿದ್ದೇವೆ.