ಭುವನ್ ಮತ್ತು ಭೂನಿಧಿ: ಆಲಮಟ್ಟಿ ಹಿನ್ನೀರಿನ ಸೀಮೆಗೆ ಎಷ್ಟು ಉಪಯೋಗ?

ಇಸ್ರೊ ಎಂದೊಡನೆ ನಮ್ಮ ಭಾಗದಲ್ಲಿ ಮಾತು ಚಂದ್ರಯಾನದ ಕಡೆಗೆ ಹೊರಳುತ್ತದೆ. ಆದರೆ ಅದೇ ಸಂಸ್ಥೆಯ ಸಂಶೋಧನೆಯ ಫಲ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಾಮಾನ್ಯ ನಾಗರಿಕನಿಗೆ ಕಾಸಿಲ್ಲದೆ ದೊರೆಯುವುದು ಎರಡು ಜಾಲತಾಣಗಳ ಮೂಲಕ. ಒಂದು, 2009ರ ಆಗಸ್ಟ್‌ನಲ್ಲಿ ಆರಂಭವಾದ ಭುವನ್. ಇನ್ನೊಂದು, ಉಪಗ್ರಹ ಚಿತ್ರಗಳ ಮೂಲ ದತ್ತಾಂಶವನ್ನು ಹುಡುಕಿ ಇಳಿಸಿಕೊಳ್ಳಲು ಇರುವ ಭೂನಿಧಿ. ಎರಡನ್ನೂ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವೇ ನಡೆಸುತ್ತದೆ. ಭೂಗೋಳದ ವಿದ್ಯಾರ್ಥಿಗಳ ಕ್ಷೇತ್ರಾಧ್ಯಯನಕ್ಕಾಗಿ ಈ ಎರಡನ್ನೂ ಬಳಸುತ್ತ ಬಂದಿರುವ ನನ್ನ ಅಭಿಪ್ರಾಯದಲ್ಲಿ, ಹೆಚ್ಚಿನ ಜನ ನೋಡುವ ಭುವನ್‌ಗಿಂತ ಯಾರೂ ಅಷ್ಟಾಗಿ ನೋಡದ ಭೂನಿಧಿಯೇ ನಮ್ಮ ಸೀಮೆಗೆ ಹೆಚ್ಚು ಉಪಯುಕ್ತವಾದದ್ದು. ಆದರೆ ಎರಡನ್ನೂ ತಾಲ್ಲೂಕಿನ ಅಳತೆಯಲ್ಲಿ ಬಳಸಬೇಕೇ ಹೊರತು ಹೊಲದ ಬದುವಿನ ಅಳತೆಯಲ್ಲಿ ಅಲ್ಲ.

ಭುವನ್ ತೆರೆದ ಬಹುಪಾಲು ಮಂದಿ ಮೊದಲು ತಮ್ಮ ಮನೆಯ ಛಾವಣಿಯನ್ನು ಹುಡುಕುತ್ತಾರೆ, ಖಾಸಗಿ ಕಂಪನಿಗಳ ನಕ್ಷೆಯಷ್ಟು ಸ್ಪಷ್ಟವಾಗಿ ಅದು ಕಾಣಲಿಲ್ಲವೆಂದು ಬೇಸರಪಟ್ಟು ಮುಚ್ಚಿಬಿಡುತ್ತಾರೆ. ದಾರಿ ಹುಡುಕುವುದಕ್ಕೆ, ಅಂಗಡಿ ಹುಡುಕುವುದಕ್ಕೆ ಭುವನ್ ಬೇಕಾಗಿಲ್ಲ. ಸರ್ವೆ ನಂಬರಿನ ಗಡಿ ನೋಡಬೇಕಾದವರಿಗೆ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಇದೆ. ಭುವನ್‌ನ ಬೆಲೆ ಇರುವುದು ಅದರ ವಿಷಯವಾರು ನಕ್ಷೆಗಳಲ್ಲಿ. 1:50,000 ಪ್ರಮಾಣದ ಭೂಬಳಕೆ ನಕ್ಷೆಗಳು 2005–06, 2011–12 ಮತ್ತು 2015–16ರ ಮೂರು ಸುತ್ತುಗಳಲ್ಲಿ ಲಭ್ಯವಿವೆ; ಪಾಳುಭೂಮಿ, ಭೂಸವಕಳಿ, ಭೂರೂಪ, ಶಿಲಾಬಿರುಕುಗಳ ನಕ್ಷೆಗಳೂ ಇವೆ. ಉದ್ಯೋಗ ಖಾತರಿ ಕಾಮಗಾರಿಗಳ ಸ್ಥಳಗುರುತು ಸಹಿತ ಛಾಯಾಚಿತ್ರಗಳನ್ನು 2016ರಿಂದ ಇದೇ ತಾಣದಲ್ಲಿ ದಾಖಲಿಸಲಾಗುತ್ತಿದ್ದು, ತನ್ನ ಗ್ರಾಮ ಪಂಚಾಯಿತಿಯ ಕೃಷಿಹೊಂಡ ಎಲ್ಲಿದೆ, ಕೆಲಸಕ್ಕೆ ಮುಂಚೆ ಆ ಜಾಗ ಹೇಗಿತ್ತು, ಮುಗಿದ ಮೇಲೆ ಹೇಗಾಯಿತು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಗ್ರಾಮಸಭೆಯಲ್ಲಿ ಪ್ರಶ್ನೆ ಕೇಳುವ ಅಭ್ಯಾಸವಿರುವವರಿಗೆ ಇದೊಂದೇ ಸಾಕು, ಭುವನ್ ತೆರೆಯಲು.

ಭೂನಿಧಿಯದು ಬೇರೆಯೇ ಸ್ವಭಾವ. ಅಲ್ಲಿ ಅಲಂಕಾರವಿಲ್ಲ, ಉಗ್ರಾಣವಿದೆ. ಭಾರತದ ಮೊದಲ ಕಾರ್ಯಾಚರಣಾ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಬೈಕೊನೂರಿನಿಂದ ಸೋವಿಯತ್ ರಾಕೆಟ್ಟಿನ ಮೇಲೆ ಹಾರಿತು. 1995ರ ಡಿಸೆಂಬರ್‌ನಲ್ಲಿ ಹಾರಿದ ಐಆರ್‌ಎಸ್-1ಸಿ 5.8 ಮೀಟರ್ ಸೂಕ್ಷ್ಮತೆಯ (ಅಂದರೆ ಚಿತ್ರದ ಒಂದು ಚುಕ್ಕಿ, ಪಿಕ್ಸೆಲ್, ನೆಲದ ಮೇಲೆ 5.8 ಮೀಟರ್ ಚೌಕ) ಕಪ್ಪು-ಬಿಳುಪು ಚಿತ್ರ ಕೊಟ್ಟಾಗ, ನಾಗರಿಕ ಬಳಕೆಗೆ ಅದಕ್ಕಿಂತ ಸೂಕ್ಷ್ಮವಾದ ಉಪಗ್ರಹ ಕ್ಯಾಮೆರಾ ಜಗತ್ತಿನಲ್ಲಿ ಬೇರೆ ಇರಲಿಲ್ಲ. ಅಲ್ಲಿಂದ ರಿಸೋರ್ಸ್‌ಸ್ಯಾಟ್ ಸರಣಿಯವರೆಗೆ ಕೂಡಿಬಂದ ದಾಖಲೆಯ ಬಾಗಿಲು ಈಗ ತೆರೆದಿದೆ. 2023ರ ಭಾರತೀಯ ಬಾಹ್ಯಾಕಾಶ ನೀತಿಯು 5 ಮೀಟರ್ ಮತ್ತು ಅದಕ್ಕಿಂತ ಒರಟಾದ ಸೂಕ್ಷ್ಮತೆಯ ದತ್ತಾಂಶವು ಎಲ್ಲರಿಗೂ ಮುಕ್ತವಾಗಿ, ಉಚಿತವಾಗಿ ಸಿಗಬೇಕೆಂದು ಹೇಳಿದೆ. ನೋಂದಣಿ ಮಾಡಿಕೊಂಡು ಬೇಕಾದ ಪ್ರದೇಶ, ಬೇಕಾದ ದಿನಾಂಕ ಆರಿಸಿ ಚಿತ್ರ ಇಳಿಸಿಕೊಳ್ಳುವುದಷ್ಟೇ ಕೆಲಸ.

ಬಾಗಲಕೋಟೆಯವರಿಗೆ ಈ ಹಳೆಯ ಚಿತ್ರಗಳ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಜಲಾಶಯಕ್ಕೆ 519.60 ಮೀಟರ್‌ವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ 2000ದಲ್ಲಿ ಅನುಮತಿ ನೀಡಿತು. ಆ ಕಾಲದ ವರ್ಷಗಳಲ್ಲಿ ಹಿನ್ನೀರು ಹಂತ ಹಂತವಾಗಿ ಏರಿ ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳನ್ನೂ ಘಟಪ್ರಭೆಯ ದಂಡೆಯ ಊರುಗಳನ್ನೂ ನುಂಗಿತು. ಭುವನ್‌ನ ಭೂಬಳಕೆ ನಕ್ಷೆಗಳ ಮೊದಲ ಸುತ್ತು ನಡೆಯುವ ಹೊತ್ತಿಗೆ ಇದೆಲ್ಲ ಆಗಿಹೋಗಿತ್ತು. ಹಾಗಾಗಿ ಮುಳುಗಡೆಗೆ ಮುಂಚಿನ ನೆಲ ಹೇಗಿತ್ತೆಂದು ನೋಡಬೇಕಾದರೆ ತೊಂಬತ್ತರ ದಶಕದ ಐಆರ್‌ಎಸ್ ಚಿತ್ರಗಳಿಗೇ ಹೋಗಬೇಕು. ಚಿಕ್ಕಸಂಗಮದ ಬಳಿ ಘಟಪ್ರಭೆ ಕೃಷ್ಣೆಯನ್ನು ಸೇರುವ ತಿರುವಿನ ಹಳೆಯ ಚಿತ್ರವನ್ನೂ ಇಂದಿನ ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ, ಎರಡು ಗೆರೆಗಳಂತಿದ್ದ ನದಿಗಳು ಒಂದೇ ಹಾಳೆಯಾದದ್ದು ಕಣ್ಣಿಗೆ ಕಟ್ಟುತ್ತದೆ. ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದಲ್ಲೇ ಹುಟ್ಟಿ ಬೆಳೆದ ತಲೆಮಾರಿಗೆ ತಮ್ಮ ಹಿರಿಯರು ಹೇಳುವ ಊರನ್ನು ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಸಾಧನ ಗೊತ್ತಿಲ್ಲ.

ಚಿತ್ರ ಓದುವುದು ಕಷ್ಟವಲ್ಲ, ಆದರೆ ಅದರ ಮಿತಿಯನ್ನು ಗುಂಟೆಯ ಲೆಕ್ಕದಲ್ಲಿ ತಿಳಿದುಕೊಳ್ಳಬೇಕು. ರಿಸೋರ್ಸ್‌ಸ್ಯಾಟ್‌ನ ಲಿಸ್-3 ಕ್ಯಾಮೆರಾದ ಒಂದು ಪಿಕ್ಸೆಲ್ ನೆಲದ ಮೇಲೆ 23.5 ಮೀಟರ್ ಚೌಕ, ಅಂದರೆ ಸುಮಾರು ಐದೂವರೆ ಗುಂಟೆ. ಎಕರೆಗೆ ಏಳು ಪಿಕ್ಸೆಲ್ಲೂ ತುಂಬಿ ಬರುವುದಿಲ್ಲವೆಂದೇ ಹೇಳಬೇಕು, ಏಕೆಂದರೆ ಬದುವಿನ ಮೇಲಿನ ಪಿಕ್ಸೆಲ್‌ಗಳಲ್ಲಿ ಪಕ್ಕದ ಹೊಲವೂ ಬೆರೆತಿರುತ್ತದೆ. ಲಿಸ್-4ರ ಪಿಕ್ಸೆಲ್ 5.8 ಮೀಟರ್ ಚೌಕವಾದ್ದರಿಂದ ಎಕರೆಗೆ ನೂರಿಪ್ಪತ್ತರಷ್ಟು ಪಿಕ್ಸೆಲ್ ಸಿಗುತ್ತವೆ. ಆದರೆ ಅದು ಒಮ್ಮೆಗೆ ನೋಡುವ ಪಟ್ಟಿಯ ಅಗಲ 70 ಕಿಲೋಮೀಟರ್, ಲಿಸ್-3ರ ಅರ್ಧದಷ್ಟು. ಅವಿಫ್ಸ್ ಎಂಬ ಮೂರನೆಯ ಕ್ಯಾಮೆರಾ 740 ಕಿಲೋಮೀಟರ್ ಅಗಲವನ್ನು ಐದು ದಿನಕ್ಕೊಮ್ಮೆ ನೋಡುತ್ತದಾದರೂ ಅದರ ಒಂದು ಪಿಕ್ಸೆಲ್ ಮುಕ್ಕಾಲು ಎಕರೆಯಷ್ಟು ದೊಡ್ಡದು. ಒಂದೇ ಉಪಗ್ರಹದ ಮೇಲೆ ಮೂರು ಕ್ಯಾಮೆರಾ ಇಟ್ಟ ಜಾಣ್ಮೆ ಇಲ್ಲೇ ಇದೆ: ಮೇಲಿಂದ ಮೇಲೆ ನೋಡಬೇಕಾದದ್ದಕ್ಕೆ ಒಂದು, ಹತ್ತಿರದಿಂದ ನೋಡಬೇಕಾದದ್ದಕ್ಕೆ ಇನ್ನೊಂದು.

ಸಾಮಾನ್ಯವಾಗಿ ಬಳಸುವ ಬಣ್ಣದ ಜೋಡಣೆಯಲ್ಲಿ ಹಸಿರು ಬೆಳೆ ಕೆಂಪಾಗಿಯೂ ನೀರು ಕಪ್ಪಾಗಿಯೂ ಬರಿ ನೆಲ ನೀಲಿ-ಬೂದು ಬಣ್ಣವಾಗಿಯೂ ತೋರುತ್ತದೆ. ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೇರಳವಾಗಿ ಪ್ರತಿಫಲಿಸುವುದೇ ಇದಕ್ಕೆ ಕಾರಣ. ಏಪ್ರಿಲ್ ತಿಂಗಳ ಚಿತ್ರದಲ್ಲಿ ಮುಧೋಳ, ಜಮಖಂಡಿ ಕಡೆಯ ಕಬ್ಬು ದಟ್ಟ ಕೆಂಪಾಗಿ ಎದ್ದು ಕಾಣುವಾಗ, ಬಿಳಿಜೋಳ ಕಿತ್ತು ಮುಗಿದ ಡೋಣಿ ನದಿಯ ಕೊಳ್ಳದ ಎರಿ ಭೂಮಿ ಬರಿದಾಗಿ ಕಾಣುತ್ತದೆ. ಕಾಲುವೆ ಹಾಗೂ ಏತ ನೀರಾವರಿ ತಲುಪಿದ ಜಾಗ ಯಾವುದು, ತಲುಪದ ಜಾಗ ಯಾವುದು ಎಂಬುದನ್ನು ಯಾವ ಉತಾರವೂ (ಪಹಣಿಯೂ) ಇಷ್ಟು ನೇರವಾಗಿ ಹೇಳುವುದಿಲ್ಲ. ಅದೇ ವೇಳೆ, ಭುವನ್‌ನ ಸಿದ್ಧ ಭೂಬಳಕೆ ನಕ್ಷೆಯಿಂದ ವಿಜಯಪುರದ ದ್ರಾಕ್ಷಿ ಎಷ್ಟು, ಇಂಡಿ ತಾಲ್ಲೂಕಿನ ನಿಂಬೆ ಎಷ್ಟು, ದಾಳಿಂಬೆ ಎಷ್ಟು ಎಂದು ತಿಳಿಯಲಾಗದು. ಆ ನಕ್ಷೆಯ ವರ್ಗೀಕರಣ ಬೆಳೆಭೂಮಿ, ತೋಟ ಎಂಬಷ್ಟಕ್ಕೆ ನಿಲ್ಲುತ್ತದೆ.

ನಾನು ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಹೇಳಬೇಕಾದದ್ದು ಎತ್ತರದ ದತ್ತಾಂಶದ ಬಗ್ಗೆ. 2005ರಲ್ಲಿ ಹಾರಿದ ಕಾರ್ಟೊಸ್ಯಾಟ್-1 ಒಂದೇ ನೆಲವನ್ನು ಮುಂದಿನಿಂದಲೂ ಹಿಂದಿನಿಂದಲೂ ನೋಡುವ ಎರಡು ಕ್ಯಾಮೆರಾಗಳಿಂದ ಜೋಡಿಚಿತ್ರ ತೆಗೆಯುತ್ತಿತ್ತು. ಅವುಗಳಿಂದ ದೇಶದ ನೆಲದ ಏರಿಳಿತವನ್ನು ಲೆಕ್ಕ ಹಾಕಿ ತಯಾರಿಸಿದ ಕಾರ್ಟೊಡೆಮ್ ಸುಮಾರು 30 ಮೀಟರ್ ಅಂತರದ ಬಿಂದುಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಹಳ್ಳದ ಜಲಾನಯನ ಗುರುತಿಸಲು, ಬಾದಾಮಿಯ ಗುಡ್ಡಸಾಲಿನ ಇಳಿಜಾರು ಅಳೆಯಲು ಇದು ಚೆನ್ನಾಗಿ ಒದಗುತ್ತದೆ. ಆದರೆ ಆಲಮಟ್ಟಿಯ ಮಟ್ಟವನ್ನು 519.60ರಿಂದ 524.256 ಮೀಟರ್‌ಗೆ ಏರಿಸಿದರೆ ಯಾರ ಹೊಲ ಮುಳುಗುತ್ತದೆ ಎಂಬ ಪ್ರಶ್ನೆಗೆ ಇದರಿಂದ ಉತ್ತರ ತೆಗೆಯಹೊರಟರೆ ಅದು ತಪ್ಪು. ಎರಡು ಮಟ್ಟಗಳ ಅಂತರ ಐದು ಮೀಟರ್‌ಗಿಂತ ಕಡಿಮೆ. ಕಾರ್ಟೊಡೆಮ್‌ನ ಎತ್ತರಕ್ಕೆ ಹೇಳಲಾಗಿರುವ ನಿಖರತೆಯೇ 8 ಮೀಟರ್. ಅಳೆಯಬೇಕಾದ ಅಂತರಕ್ಕಿಂತ ಅಳತೆಗೋಲಿನ ದೋಷ ದೊಡ್ಡದಾಗಿರುವಾಗ ಬಣ್ಣ ಬಳಿದ ಮುಳುಗಡೆ ನಕ್ಷೆ ಎಷ್ಟೇ ಸುಂದರವಾಗಿದ್ದರೂ ಅದಕ್ಕೆ ಅರ್ಥವಿಲ್ಲ. ಮೇಲಾಗಿ, ಅದರಲ್ಲಿನ ಎತ್ತರಗಳು ಸಮುದ್ರಮಟ್ಟದಿಂದ ಅಳೆದವಲ್ಲ. ಭೂಮಿಯ ಆಕಾರಕ್ಕೆ ಗಣಿತ ಕೊಟ್ಟ ದೀರ್ಘವೃತ್ತಜದಿಂದ ಅಳೆದವು. ನಮ್ಮ ಭಾಗದಲ್ಲಿ ಈ ಎರಡರ ನಡುವೆ ಹಲವು ಹತ್ತು ಮೀಟರ್ ವ್ಯತ್ಯಾಸವಿರುವುದರಿಂದ, ಜಲಾಶಯದ ಮೇಲ್ಮೈಯ ಎತ್ತರವನ್ನು ನೇರವಾಗಿ ಓದಿದರೆ ಅಣೆಕಟ್ಟಿನ ಫಲಕಕ್ಕಿಂತ ತೀರಾ ಕಡಿಮೆ ಸಂಖ್ಯೆ ಬರುತ್ತದೆ. ಮುಳುಗಡೆ ಭೂಮಿಯ ಬಗ್ಗೆ ವಾದ ಮಾಡುವವರು ಸ್ಥಳ ಸಮೀಕ್ಷೆಯ ದಾಖಲೆಯನ್ನೇ ಕೇಳಬೇಕು.

ಪ್ರವಾಹದ ವಿಷಯದಲ್ಲಿ ಇಸ್ರೊದ ಕೆಲಸವನ್ನು ಮನಸಾರೆ ಮೆಚ್ಚಬೇಕು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಉಕ್ಕುವುದು ಮೋಡ ಕವಿದ ಆಗಸ್ಟ್ ತಿಂಗಳಲ್ಲಿ. ಆಗ ಸಾಮಾನ್ಯ ಕ್ಯಾಮೆರಾ ಕುರುಡು. ಮೋಡವನ್ನು ಭೇದಿಸುವ ರೇಡಾರ್ ಅಲೆಗಳಿಂದ ಚಿತ್ರ ತೆಗೆಯುವ ರಿಸ್ಯಾಟ್-1 ಹಾರಿದ್ದು 2012ರಲ್ಲಿ, ಅದೇ ಕುಲದ ಇಒಎಸ್-04 ಹಾರಿದ್ದು 2022ರಲ್ಲಿ. ನಿಂತ ನೀರು ರೇಡಾರ್ ಅಲೆಯನ್ನು ಆಚೆಗೆ ಜಾರಿಸಿಬಿಡುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಆ ಆಧಾರದ ಮೇಲೆ ಪ್ರವಾಹದ ಸಮಯದಲ್ಲಿ ಜಲಾವೃತ ಪ್ರದೇಶದ ನಕ್ಷೆಗಳನ್ನು ಸಿದ್ಧಪಡಿಸುತ್ತಾರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೀರು ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೆ ಬಂದದ್ದನ್ನು ಕಂಡವರಿಗೆ ಇಂಥ ನಕ್ಷೆಯ ಅಗತ್ಯ ಏನೆಂದು ಗೊತ್ತು. ಒಂದು ಕೊರತೆ ಮಾತ್ರ ನಮ್ಮ ಸೀಮೆಗೆ ವಿಶೇಷವಾಗಿ ತಟ್ಟುತ್ತದೆ. ಸಿ-ಬ್ಯಾಂಡ್ ಎಂಬ ಈ ಅಲೆಯ ಉದ್ದ ಐದಾರು ಸೆಂಟಿಮೀಟರ್ ಅಷ್ಟೇ ಆದ್ದರಿಂದ ಆಳೆತ್ತರದ ಕಬ್ಬಿನ ಗರಿಗಳಲ್ಲೇ ಅದು ಚದುರಿಹೋಗುತ್ತದೆ. ಬುಡದಲ್ಲಿ ನಿಂತ ನೀರು ಕಾಣದೆ ಉಳಿಯಬಹುದು. ನಕ್ಷೆಯಲ್ಲಿ ಗುರುತಿಲ್ಲವೆಂಬ ಒಂದೇ ಕಾರಣಕ್ಕೆ ಕಬ್ಬಿನ ಹೊಲಕ್ಕೆ ನೀರು ನುಗ್ಗಿಲ್ಲವೆಂದು ಪರಿಹಾರ ನಿರಾಕರಿಸುವುದು ನ್ಯಾಯವಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ ನಿಸಾರ್ ಉಪಗ್ರಹದಲ್ಲಿ ನಾಸಾದ ಎಲ್-ಬ್ಯಾಂಡ್ ರೇಡಾರ್ ಜೊತೆಗೆ ಇಸ್ರೊದ ಎಸ್-ಬ್ಯಾಂಡ್ ರೇಡಾರ್ ಇದೆ. ಎರಡೂ ಉದ್ದ ಅಲೆಯವು, ಹನ್ನೆರಡು ದಿನಕ್ಕೊಮ್ಮೆ ಅದೇ ನೆಲಕ್ಕೆ ಮರಳುವಂಥವು. ಕಬ್ಬಿನ ನಾಡಿಗೆ ಹೆಚ್ಚು ಒದಗಬೇಕಾದದ್ದು ಇದೇ.

ಅಂತರ್ಜಲ ನಕ್ಷೆಗಳ ಬಗ್ಗೆ ಎರಡು ಮಾತು. ವಿಜಯಪುರದ ಉತ್ತರ ಭಾಗದ ಕಪ್ಪು ಶಿಲೆಯಲ್ಲಿ ನೀರು ಇರುವುದು ಬಿರುಕುಗಳಲ್ಲಿ. ಆ ಬಿರುಕುಗಳ ಉದ್ದನೆಯ ಗೆರೆಗಳನ್ನು ಉಪಗ್ರಹ ಚಿತ್ರದಲ್ಲಿ ಗುರುತಿಸಿ, ಎಲ್ಲಿ ನೀರಿನ ಸಂಭವ ಹೆಚ್ಚೆಂದು ತೋರಿಸುವ ನಕ್ಷೆಗಳನ್ನು ಕುಡಿಯುವ ನೀರಿನ ಯೋಜನೆಗಾಗಿ ತಯಾರಿಸಲಾಯಿತು. ಊರಿನ ಯಾವ ದಿಕ್ಕಿನಲ್ಲಿ ಹುಡುಕಬೇಕೆಂಬುದಕ್ಕೆ ಅವು ಒಳ್ಳೆಯ ಆಧಾರ. ಆದರೆ 1:50,000 ನಕ್ಷೆಯಲ್ಲಿ ಪೆನ್ಸಿಲ್ಲಿನ ಅರ್ಧ ಮಿಲಿಮೀಟರ್ ಗೆರೆಯೇ ನೆಲದ ಮೇಲೆ 25 ಮೀಟರ್ ಅಗಲ. ಅದರ ಮುದ್ರಿತ ಪ್ರತಿ ಹಿಡಿದುಕೊಂಡು ಬಂದು, ಬೋರ್ ಹೊಡೆಸುವ ಬಿಂದುವನ್ನು ಉಪಗ್ರಹವೇ ತೋರಿಸಿದೆ ಎನ್ನುವ ದಲ್ಲಾಳಿಗಳಿಗೆ ಹಣ ಕೊಡಬೇಡಿ.

ಸೂಕ್ಷ್ಮ ಚಿತ್ರಗಳ ನೀತಿಯ ಬಗ್ಗೆ ನನ್ನ ತಕರಾರು ಇದೆ. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿರುವ ಇಸ್ರೊ ದತ್ತಾಂಶ ಕೇಂದ್ರದ ಪ್ರದಾನ್ ತಾಣದಲ್ಲಿ ಚಂದ್ರಯಾನ-2ರ ಕ್ಯಾಮೆರಾ ತೆಗೆದ, ಒಂದು ಪಿಕ್ಸೆಲ್‌ಗೆ ಸುಮಾರು ಕಾಲು ಮೀಟರ್ ಸೂಕ್ಷ್ಮತೆಯ ಚಂದ್ರನ ಚಿತ್ರಗಳನ್ನು ಯಾವ ವಿದ್ಯಾರ್ಥಿಯಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಬೀಳಗಿ ತಾಲ್ಲೂಕಿನ ನೆಲದ ಚಿತ್ರ ಮಾತ್ರ ಅವನಿಗೆ 5.8 ಮೀಟರ್‌ಗೆ ನಿಲ್ಲುತ್ತದೆ. ಭದ್ರತೆಯ ಕಾರಣ ಅರ್ಥವಾಗುವಂಥದ್ದೇ. ಆದರೂ ಕಾರ್ಟೊಸ್ಯಾಟ್-1ರ ಹಳೆಯ 2.5 ಮೀಟರ್ ಚಿತ್ರಗಳನ್ನಾದರೂ ಕಾಲೇಜುಗಳಿಗೆ ಬೆಲೆಯಿಲ್ಲದೆ ಕೊಡುವುದರಿಂದ ದೇಶಕ್ಕೆ ಅಪಾಯವೇನೂ ಆಗಲಾರದು.

ಹವಾಮಾನದ ಚಿತ್ರ ಬೇಕಾದವರು ಇಸ್ರೊದ ಅಹಮದಾಬಾದಿನ ಕೇಂದ್ರ ನಡೆಸುವ ಮೋಸ್ಡಾಕ್ ತಾಣಕ್ಕೆ ಹೋಗಬೇಕು. ಇನ್ಸಾಟ್-3ಡಿಆರ್ ಮತ್ತು 2024ರಲ್ಲಿ ಹಾರಿದ ಇನ್ಸಾಟ್-3ಡಿಎಸ್ ಕಳಿಸುವ ಮೋಡದ ಚಿತ್ರಗಳು ಅಲ್ಲಿವೆ, ಒಣದ್ರಾಕ್ಷಿ ಶೆಡ್ಡಿನವರು ಅಕಾಲ ಮಳೆಯ ದಿನಗಳಲ್ಲಿ ನೋಡಲು ಅನುಕೂಲ.

ಭೂನಿಧಿಯಿಂದ ಇಳಿಸಿದ ಕಡತಗಳು ದೊಡ್ಡವು, ಮೊಬೈಲಿನಲ್ಲಿ ತೆರೆಯುವಂಥವಲ್ಲ. ಕಂಪ್ಯೂಟರಿನಲ್ಲಿ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಇರಬೇಕು, ಬಣ್ಣಪಟ್ಟಿಗಳನ್ನು ಜೋಡಿಸುವುದನ್ನು ಒಂದಿಷ್ಟು ಕಲಿಯಬೇಕು. ಕನ್ನಡದಲ್ಲಿ ಹಂತ ಹಂತವಾದ ಕೈಪಿಡಿಯೊಂದನ್ನು ಇಸ್ರೊ ಹೊರತಂದರೆ ನಮ್ಮ ಪದವಿ ಕಾಲೇಜುಗಳಲ್ಲಿ ಇದರ ಬಳಕೆ ಹೆಚ್ಚೀತು. ಮೊದಲ ಬಾರಿಗೆ ಪ್ರಯತ್ನಿಸುವವರು ಜೂನ್‌ನಿಂದ ಅಕ್ಟೋಬರ್‌ವರೆಗಿನ ಚಿತ್ರಗಳನ್ನು ಬಿಟ್ಟು, ಮೋಡವಿಲ್ಲದ ಜನವರಿ ಅಥವಾ ಫೆಬ್ರವರಿಯ ಲಿಸ್-3 ಚಿತ್ರವೊಂದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆಗ ಜಲಾಶಯದಲ್ಲಿ ನೀರೂ ಇರುತ್ತದೆ, ಹಿಂಗಾರಿ ಜೋಳವೂ ನಿಂತಿರುತ್ತದೆ.