ಸುನಾಮಿ ಎಚ್ಚರಿಕೆ: ಬೋಯ್, ಕೇಬಲ್, ಸೈರನ್ – ಹಣ ಎಲ್ಲಿಗೆ?

ಸುನಾಮಿ ಎಚ್ಚರಿಕೆಗೆಂದು ಇಂಡೊನೇಷ್ಯಾದಂಥ ದೇಶ ಬೋಯ್, ಕೇಬಲ್, ಸೈರನ್‌ಗಳಲ್ಲಿ ಮೊದಲು ಯಾವುದಕ್ಕೆ ಖರ್ಚು ಮಾಡಬೇಕು ಎಂದು ಕೇಳಿದ್ದೀರಿ. ನಾನಂತೂ ಮೊದಲು ನೋಡುವುದು ಸಮಯ. 2004ರ ಡಿಸೆಂಬರ್ 26ರಂದು ಸುನಾಮಿ ಅಲೆ ಇಂಡೊನೇಷ್ಯಾದ ಬಂಡಾ ಅಚೆ ನಗರಕ್ಕೆ ಅರ್ಧ ಗಂಟೆಯೊಳಗೇ ಬಡಿಯಿತು. ಚೆನ್ನೈಗೆ ಬರಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು.

ಚೆನ್ನೈನಂಥ ದೂರದ ತೀರಕ್ಕೆ ಬೋಯ್ ಸಾಕು. ಕಡಲತಳದ ಉಪಕರಣ ನೀರಿನ ಒತ್ತಡ ಅಳೆದು ಮೇಲೆ ತೇಲುವ ಬೋಯ್‌ಗೆ ತಿಳಿಸುತ್ತದೆ, ಅದು ಉಪಗ್ರಹಕ್ಕೆ. ನಮ್ಮ ಕರಾವಳಿಗೂ ಎಚ್ಚರಿಕೆ ಕೊಡುವ ಹೈದರಾಬಾದಿನ ಕೇಂದ್ರ 2007ರಿಂದ ಇವನ್ನೂ ನೆಚ್ಚಿಕೊಂಡಿದೆ.

ಬಾಳಿಕೆಯ ಮಾತು ಬಂದರೆ ಬೋಯ್ ಸೋಲುತ್ತದೆ. ಅದರ ನೆರಳಿಗೆ ಮೀನು ಸೇರುತ್ತವೆ, ಮೀನುಗಾರರು ದೋಣಿ ತಂದು ಅದಕ್ಕೇ ಕಟ್ಟುತ್ತಾರೆ. ರಿಪೇರಿಗೆ ಪ್ರತಿಸಲ ಹಡಗೇ ಹೋಗಬೇಕು. ಇಂಡೊನೇಷ್ಯಾದ ಬೋಯ್‌ಗಳು 2012ರ ಹೊತ್ತಿಗೆ ಕೆಟ್ಟು ನಿಂತವು. ಅಳೆಯುವ ಉಪಕರಣಗಳನ್ನು ಪೋಣಿಸಿ ಕಡಲತಳದಲ್ಲಿ ಹಾಸುವ ಕೇಬಲ್‌ಗೆ ಈ ಕಾಟವಿಲ್ಲ, ಮಾಹಿತಿಯೂ ಕ್ಷಣದಲ್ಲಿ ಬರುತ್ತದೆ. ಆದರೆ ಜಪಾನ್ 2011ರ ನಂತರ 150 ವೀಕ್ಷಣಾ ಘಟಕಗಳಿಗಾಗಿ ಹಾಸಿದ್ದು ಸುಮಾರು 5,700 ಕಿ.ಮೀ. ಕೇಬಲ್. ಅಷ್ಟು ಹಣವಿದ್ದು, ಭೂಕಂಪ ಹುಟ್ಟುವ ಬಿರುಕು ತೀರದ ಹತ್ತಿರವೇ ಇದ್ದರೆ ಮಾತ್ರ ಅದು ಸರಿ.

ಇಂಡೊನೇಷ್ಯಾದ ಪಾಲು ಎಂಬ ನಗರದಲ್ಲಿ 2018ರಲ್ಲಿ ಅಲೆ ಕೆಲವೇ ನಿಮಿಷಗಳಲ್ಲಿ ಬಂತು. ಅಂಥ ಕಡೆ ಸೈರನ್ ಕೂಡ ತಡವೇ. ಗುಡ್ಡಕ್ಕೆ ದಾರಿ, ಶಾಲೆಗಳಲ್ಲಿ ಅಣಕು ಓಟ ಮೊದಲು ಬೇಕು. ಇಂಡೊನೇಷ್ಯಾದ ಸಿಮೆಲ್ಯುಯೆ ದ್ವೀಪದಲ್ಲಿ 1907ರ ಅಲೆಯ ನೆನಪನ್ನು ಅಜ್ಜಿಯರು ‘ಸ್ಮಾಂಗ್’ ಎಂದು ಹೇಳಿಕೊಡುತ್ತಿದ್ದರು. 2004ರಲ್ಲಿ ನೆಲ ಅದುರಿ ನೀರು ಹಿಂದೆ ಸರಿದ ಕೂಡಲೇ ಜನ ಆ ಪದ ಕೂಗುತ್ತಾ ಗುಡ್ಡ ಹತ್ತಿದರು. ಅಲ್ಲಿ ಸೈರನ್ನೂ ಇರಲಿಲ್ಲ, ಬೋಯೂ ಇರಲಿಲ್ಲ.